ಎಣ್ಣಿ ಉಳದೈತೇನು?

ಹುಬ್ಬಳ್ಳಿಯ ಕೇಶ್ವಾಪುರದ ಕಡೆಯಿಂದ ಹೊರಬೀಳುವ ಒಂದು ರಸ್ತೆಗೆ ಸುಳ್ಳ ರಸ್ತೆ ಎಂದೇ ಹೆಸರು. ಹೊಸಬರು ಬೋರ್ಡು ನೋಡಿ ನಗುತ್ತಾರೆ. ಆ ರಸ್ತೆ ಮುಟ್ಟುವ ಸುಳ್ಳ ಎಂಬ ಊರಲ್ಲಿ ಹೊಲ ಮಾಡಿಕೊಂಡಿರುವ ನನ್ನ ಸೋದರಮಾವನ ಬಳಿ ಇದಕ್ಕೆ ಉತ್ತರ ಸಿದ್ಧವಿರುತ್ತದೆ: "ಹೆಸರಷ್ಟ ಸುಳ್ಳ ರೀ, ಹೊಲಾ ಖರೇನ ಐತಿ."

ಹೊಲ ಖರೆಯೇ. ಮಳೆ ಬಿದ್ದರೆ ಚಪ್ಪಲಿಯನ್ನು ಹಿಡಿದುಕೊಂಡು ಬಿಡದ ಎರಿ ಮಣ್ಣು. ಮುಂಗಾರಿಗೆ ಹೆಸರು, ಉಳ್ಳಾಗಡ್ಡಿ. ಅದರ ಸಾಲಿನಲ್ಲೇ ಹತ್ತಿ, ಮೆಣಸಿನಕಾಯಿ. ಹಿಂಗಾರಿಗೆ ಕಡಲೆ, ಗೋಧಿ, ಜೋಳ. ಫೆಬ್ರವರಿಯ ಒಂದು ಮಧ್ಯಾಹ್ನ ನಾನು ಹೋದಾಗ ಕಣದ ತುಂಬ ಬ್ಯಾಡಗಿ ಕಡ್ಡಿ ಕಾಯಿ ಹರವಿದ್ದರು. ಬಿಸಿಲಿಗೆ ಸುಕ್ಕಾಗಿ, ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ ಅನ್ನುವಷ್ಟು ಒಣಗಿತ್ತು. ಮಾವ ಒಂದು ಹಿಡಿ ತೆಗೆದು ನನ್ನ ಅಂಗೈಗೆ ಸುರಿದರು. "ನೀ ಲ್ಯಾಬಿನ್ಯಾಗ ಇರಾಂವ ಅಲಾ, ಹೇಳು ನೋಡೂಣು, ಇದರಾಗ ಎಣ್ಣಿ ಉಳದೈತೇನು?"

ನಮ್ಮ ಕಡೆ ಬೆಳೆಗೆ ಹೊಡೆಯುವ ಕೀಟನಾಶಕಕ್ಕೆ ಎಣ್ಣಿ ಅನ್ನುತ್ತಾರೆ. ಮೆಣಸಿನ ಗಿಡಕ್ಕೆ ಥ್ರಿಪ್ಸ್, ನುಸಿ, ಎಲೆ ಮುರುಟು, ಒಂದಲ್ಲ ಒಂದು ಕಾಟ ತಪ್ಪಿದ್ದಲ್ಲ. 2021ರ ಹಂಗಾಮಿನಲ್ಲಿ ಹೊರಗಿನಿಂದ ಬಂದ ಹೊಸ ಜಾತಿಯ ಥ್ರಿಪ್ಸ್ ಆಂಧ್ರ, ತೆಲಂಗಾಣ, ಕರ್ನಾಟಕದ ಮೆಣಸಿನ ಹೊಲಗಳಲ್ಲಿ ಹೂವನ್ನೇ ಹೀರಿಬಿಟ್ಟಿತು. ಆ ವರ್ಷ ಕೈಗೆ ಸಿಕ್ಕ ಎಣ್ಣಿಯನ್ನೆಲ್ಲ ಹೊಡೆದವರಲ್ಲಿ ಮಾವನೂ ಒಬ್ಬರು. ಅಂದಿನಿಂದ ಅವರಿಗೆ ಈ ಪ್ರಶ್ನೆ ಹತ್ತಿಕೊಂಡಿದೆ. ಖರೀದಿದಾರರೂ ಅದನ್ನೇ ಕೇಳುತ್ತಾರೆ. ಹಡಗು ಹತ್ತುವ ಮಾಲಾದರಂತೂ ಕೇಳಿಯೇ ಕೇಳುತ್ತಾರೆ.

ನೋಡಿ ಹೇಳಲು ಬರುವುದಿಲ್ಲ, ಮೂಸಿ ಹೇಳಲೂ ಬರುವುದಿಲ್ಲ. ಕಾಯಿಯೊಳಗಿಂದ ಅದನ್ನು ಹೊರಗೆ ಕರೆಯಬೇಕು. ಹೇಗೆ ಕರೆಯುವುದು ಎಂಬುದು ಅಡುಗೆಮನೆಯಲ್ಲಿ ಎಲ್ಲರಿಗೂ ಗೊತ್ತು. ಒಣಮೆಣಸಿನಕಾಯಿಯನ್ನು ನೀರಿಗೆ ಹಾಕಿ ಕುದಿಸಿದರೆ ಬಣ್ಣ ಬಿಡಲು ಹಿಂದೆಮುಂದೆ ನೋಡುತ್ತದೆ. ಒಗ್ಗರಣೆಯ ಎಣ್ಣೆಗೆ ಬಿದ್ದರೆ ಕ್ಷಣದಲ್ಲಿ ಕೆಂಪಿಳಿಯುತ್ತದೆ. ಯಾವುದಕ್ಕೆ ಯಾವುದು ಒಲಿಯುತ್ತದೆ ಎಂದು ತಿಳಿದು ದ್ರವವನ್ನು ಆರಿಸುವುದೇ ಪ್ರಯೋಗಾಲಯದ ದ್ರಾವಕದ ವಿದ್ಯೆ. ನಾವು ಸಾಲ್ವೆಂಟ್ ಅನ್ನುತ್ತೇವೆ. ಅಸಿಟೋನೈಟ್ರೈಲ್, ಮೆಥನಾಲ್, ಹೆಕ್ಸೇನ್, ಅಸಿಟೋನ್, ಈಥೈಲ್ ಅಸಿಟೇಟ್: ಕಂದು ಗಾಜಿನ ಎರಡೂವರೆ ಲೀಟರಿನ ಬಾಟಲಿಗಳಲ್ಲಿ ಬರುವ, ನೋಡಲು ನೀರಿನಂಥ ದ್ರವಗಳು. ಒಂದೇ ಅಸಿಟೋನೈಟ್ರೈಲ್ ಎರಡು ಮೂರು ದರ್ಜೆಗಳಲ್ಲಿ, ಎರಡು ಮೂರು ಬೆಲೆಗಳಲ್ಲಿ ಸಿಗುತ್ತದೆ. ಲ್ಯಾಬಿಗೆ ಹೊಸದಾಗಿ ಸೇರಿದ ಹುಡುಗರೆಲ್ಲ ಮೊದಲ ತಿಂಗಳು ಕೇಳುವುದು ಒಂದೇ: ಸರ್, ಇದರಲ್ಲೂ 99.9 ಅಂತ ಬರೆದಿದೆ, ಅದರಲ್ಲೂ 99.9, ಬೆಲೆ ಯಾಕೆ ಇಷ್ಟು ಫರಕು?

ಲೆಕ್ಕ ಹಾಕಿ ತೋರಿಸುತ್ತೇನೆ. ಶೇಕಡಾ 99.9 ಶುದ್ಧ ಅಂದರೆ ಉಳಿದದ್ದು 0.1. ಒಂದು ಕಿಲೋಕ್ಕೆ ಒಂದು ಗ್ರಾಂ, ಅಂದರೆ 1000 ಮಿಲಿಗ್ರಾಂ ಬೇರೆ ಏನೋ. ಮೆಣಸಿನಕಾಯಿಯಲ್ಲಿ ನಾವು ಹುಡುಕುತ್ತಿರುವುದು ಎಷ್ಟು? ಪ್ರತ್ಯೇಕ ಮಿತಿ ಗೊತ್ತುಪಡಿಸದ ಕೀಟನಾಶಕಗಳಿಗೆ ಐರೋಪ್ಯ ಒಕ್ಕೂಟ ಹಾಕಿದ ಗೆರೆ ಕಿಲೋಕ್ಕೆ 0.01 ಮಿಲಿಗ್ರಾಂ. ಒಂದು ಟನ್ ಕಾಯಿಯಲ್ಲಿ 10 ಮಿಲಿಗ್ರಾಂ, ಸುಮಾರು ಮೂರು ಎಳ್ಳಿನ ಕಾಳಿನ ತೂಕ. ನಾವು ಹುಡುಕುವುದಕ್ಕಿಂತ ಒಂದು ಲಕ್ಷ ಪಟ್ಟು ಹೆಚ್ಚು ಕಸ ಆ 99.9ರ ಬಾಟಲಿಯೊಳಗೇ ಕೂತಿರಬಹುದು! ಆ ಕಸ ಬರೀ ನೀರಾಗಿದ್ದರೆ ತೊಂದರೆಯಿಲ್ಲ. ನಾವು ಹುಡುಕುವ ಪದಾರ್ಥದ ಹಾಗೆ ವೇಷ ಹಾಕಿಕೊಂಡು ಯಂತ್ರದೆದುರು ನಿಂತರೆ ಕೆಟ್ಟೆವು. ಅದಕ್ಕೇ ಒಳ್ಳೆಯ ಬಾಟಲಿಯ ಲೇಬಲ್ಲಿನಲ್ಲಿ ಶೇಕಡಾವಾರಿಗಿಂತ ಕೆಳಗಿನ ಸಣ್ಣಕ್ಷರಗಳನ್ನು ಮೊದಲು ಓದಬೇಕು. ಆವಿಯಾದ ಮೇಲೆ ತಳದಲ್ಲಿ ಏನು ಉಳಿಯುತ್ತದೆ, ಯಾವ ತರಂಗಾಂತರದಲ್ಲಿ ಎಷ್ಟು ಬೆಳಕು ನುಂಗುತ್ತದೆ, ನೀರೆಷ್ಟು, ಆಮ್ಲವೆಷ್ಟು. ಕೀಟನಾಶಕದ ಶೇಷ ಹುಡುಕಲೆಂದೇ ತಯಾರಾಗುವ ದರ್ಜೆಯೂ ಇದೆ. ನೂರು ಮಿಲಿಲೀಟರ್ ಹೆಕ್ಸೇನನ್ನು ಒಂದು ಮಿಲಿಗೆ ಇಂಗಿಸಿದಾಗ ಮೆಣಸಿನಕಾಯಿಯ ಸತ್ವದ ಜೊತೆ ಹೆಕ್ಸೇನಿನ ಕಸವೂ ನೂರು ಪಟ್ಟು ದಪ್ಪವಾಗುತ್ತದಲ್ಲ, ಅಂಥ ಕೆಲಸಕ್ಕೆ ಅದು.

ನಾನು ಹುಡುಗರಿಗೆ ಹೇಳುವುದು: ದ್ರಾವಕ ಮದುವೆಗೆ ಹೆಣ್ಣು ನೋಡಲು ಹೋದಾಗ ಜೊತೆಗೆ ಬರುವ ಗೆಳೆಯನಿದ್ದ ಹಾಗೆ. ಮನೆ ತೋರಿಸಬೇಕು, ಒಳಗೆ ಕರೆದೊಯ್ಯಬೇಕು, ಆಮೇಲೆ ಬಾಯಿ ಮುಚ್ಚಿಕೊಂಡು ಕೂರಬೇಕು.

ಮಾವನ ಕಾಯಿ ಒಂದು ಪಾಕೀಟು ಲ್ಯಾಬಿಗೆ ತಂದೆ. ಪುಡಿ ಮಾಡಿ, ಎರಡು ಗ್ರಾಂ ತೂಗಿ, ಮುಚ್ಚಳವಿರುವ ಉದ್ದನೆಯ ಪ್ಲಾಸ್ಟಿಕ್ ಕೊಳವೆಗೆ ಹಾಕಿ, ನೀರು ಬೆರೆಸಿ ನೆನೆಯಲು ಬಿಟ್ಟೆ. ಒಣ ಪುಡಿ ನೆನೆಯದಿದ್ದರೆ ಒಳಗಿನದನ್ನು ಬಿಟ್ಟುಕೊಡುವುದಿಲ್ಲ. ಮೇಲೆ 10 ಮಿಲಿ ಅಸಿಟೋನೈಟ್ರೈಲ್. ನೀರಿಗೂ ಅದಕ್ಕೂ ಎಷ್ಟು ಸ್ನೇಹವೆಂದರೆ ಯಾವ ಪ್ರಮಾಣದಲ್ಲಿ ಬೆರೆಸಿದರೂ ಗೆರೆ ಕಾಣದು. ಆಮೇಲೆ ಉಪ್ಪು, ಜೊತೆಗೆ ಮೆಗ್ನೀಸಿಯಂ ಸಲ್ಫೇಟು. ಮುಚ್ಚಳ ತಿರುಗಿಸಿ ಒಂದು ನಿಮಿಷ ಜೋರಾಗಿ ಅಲ್ಲಾಡಿಸಿದರೆ ಕೊಳವೆ ಅಂಗೈಯಲ್ಲಿ ಬಿಸಿ ಚಹಾದ ಲೋಟದಂತೆ ಕಾಯುತ್ತದೆ. ಮೆಗ್ನೀಸಿಯಂ ಸಲ್ಫೇಟು ನೀರನ್ನು ಕುಡಿಯುವ ಕಾವು ಅದು. ಯಂತ್ರದಲ್ಲಿಟ್ಟು ಗರಗರ ತಿರುಗಿಸಿ ತೆಗೆದರೆ ಅಷ್ಟೊತ್ತಿನ ಸ್ನೇಹಿತರು ಬೇರೆಯಾಗಿರುತ್ತಾರೆ: ತಳದಲ್ಲಿ ಪುಡಿ, ನೀರು, ಉಪ್ಪು, ಮೇಲೆ ರಕ್ತಗೆಂಪು ಅಸಿಟೋನೈಟ್ರೈಲ್. ಎಣ್ಣಿ ಉಳಿದಿದ್ದರೆ ಆ ಮೇಲಿನ ಪದರದಲ್ಲಿರುತ್ತದೆ.

2003ರಲ್ಲಿ ಅನಸ್ತಾಸಿಯಾಡಿಸ್, ಲೆಹೋಟೆ ಮತ್ತು ಸಂಗಡಿಗರು ಪ್ರಕಟಿಸಿದ ವಿಧಾನವಿದು. ಕೆಚರ್ಸ್ ಎಂದು ಹೆಸರು. ಅದಕ್ಕೆ ಮೊದಲು ಒಂದೊಂದು ಸ್ಯಾಂಪಲ್ಲಿಗೆ ನೂರಾರು ಮಿಲಿ ದ್ರಾವಕ ಸುರಿದು, ಬೇರ್ಪಡಿಸುವ ಫನೆಲ್ ಕುಲುಕಿ ಕುಲುಕಿ ಭುಜ ನೋಯಿಸಿಕೊಂಡು, ದಿನಗಟ್ಟಲೆ ಕಾಯುತ್ತಿದ್ದರು. ಇದು ಹತ್ತೇ ಮಿಲಿಯಲ್ಲಿ ಮುಗಿಯಿತು. ಆದರೆ ಮೆಣಸಿನಕಾಯಿ ಹಟಮಾರಿ. ಎಣ್ಣಿಯ ಜೊತೆ ಬಣ್ಣ, ಖಾರ, ಕೊಬ್ಬು ಎಲ್ಲವೂ ಎದ್ದು ಬರುತ್ತವೆ. ಅವನ್ನು ಹಿಡಿದಿಡಲು ಇನ್ನೊಂದು ಸುತ್ತು ಪುಡಿಗಳು ಬೇಕು. ಸೌತೆಕಾಯಿ ಮಾಡಿ ಕೈ ಪಳಗಿದವರೂ ಬ್ಯಾಡಗಿಯೆದುರು ಬೆವರುತ್ತಾರೆ.

ಮೇಲೆದ್ದು ಬಂದ ಗುಂಪಿನಲ್ಲಿ ಯಾರು ಯಾರೆಂದು ಬಿಡಿಸುವುದು ಕ್ರೊಮ್ಯಾಟೋಗ್ರಫಿಯ ಕೆಲಸ. ಈ ವಿದ್ಯೆ ಹುಟ್ಟಿದ್ದೇ ಬಣ್ಣದಿಂದ. ವಾರ್ಸಾದಲ್ಲಿದ್ದ ರಷ್ಯನ್ ಸಸ್ಯವಿಜ್ಞಾನಿ ಮಿಖಾಯಿಲ್ ಟ್ಸ್ವೆಟ್, ಎಲೆಯ ಬಣ್ಣವನ್ನು ದ್ರಾವಕದಲ್ಲಿ ಇಳಿಸಿ, ಸೀಮೆಸುಣ್ಣದಂಥ ಪುಡಿ ತುಂಬಿದ ಗಾಜಿನ ನಳಿಕೆಯ ಮೇಲೆ ಸುರಿದ. ಹಸಿರು, ಹಳದಿ ಪಟ್ಟಿಗಳು ಒಂದರ ಕೆಳಗೊಂದು ಬಿಡಿಬಿಡಿಯಾಗಿ ಇಳಿದವು. 1906ರಲ್ಲಿ ಅದಕ್ಕೆ ಕ್ರೊಮ್ಯಾಟೋಗ್ರಫಿ ಎಂದು ಹೆಸರಿಟ್ಟ. ಅವನ ಹೆಸರಿಗೂ ರಷ್ಯನ್ ಭಾಷೆಯಲ್ಲಿ ಬಣ್ಣ ಎಂದೇ ಅರ್ಥ. ಹೆಚ್ಚು ಜನ ಕಿವಿಗೊಡಲಿಲ್ಲ. ಆಮೇಲೆ ಆ ನಳಿಕೆಗೆ ಮರುಜೀವ ಕೊಟ್ಟವರಲ್ಲಿ ಒಬ್ಬ ಹಂಗೇರಿಯ ಲಾಸ್ಲೋ ಝೆಕ್‌ಮೈಸ್ಟರ್. ಅವನು ಕೈಗೆತ್ತಿಕೊಂಡದ್ದು ಯಾವುದನ್ನು ಗೊತ್ತೇ? ಮೆಣಸಿನಕಾಯಿಯನ್ನು. ಹಂಗೇರಿಯವರಿಗೆ ಪಾಪ್ರಿಕಾ ಅಂದರೆ ನಮಗೆ ಬ್ಯಾಡಗಿ ಇದ್ದಂತೆ: ಖಾರ ಕಡಿಮೆ, ಬಣ್ಣ ಜಾಸ್ತಿ. 1927ರಲ್ಲಿ ಅವನೂ ಗೆಳೆಯ ಚೋಲ್ನೊಕಿಯೂ ಸೇರಿ ಆ ಕೆಂಪಿನ ಮೂಲವಾದ ಕ್ಯಾಪ್ಸಾಂಥಿನನ್ನು ಬೇರ್ಪಡಿಸಿದರು. ಬ್ಯಾಡಗಿ ಮಾರುಕಟ್ಟೆಯಲ್ಲಿ ದಲಾಲಿ ಕಾಯಿ ಮುರಿದು ನೋಡುವುದು ಅದೇ ಕೆಂಪನ್ನು. 2011ರಲ್ಲಿ ಬ್ಯಾಡಗಿಗೆ ಭೌಗೋಳಿಕ ಗುರುತು ಸಿಕ್ಕಿದ್ದರ ಹಿಂದೆಯೂ ಅದೇ ಕೆಂಪು ಇದೆ.

ಆ ಬಣ್ಣ ಅಳೆಯುವ ಪರೀಕ್ಷೆ ಸರಳ. ಚಿಟಿಕೆ ಪುಡಿಯನ್ನು 100 ಮಿಲಿ ಅಸಿಟೋನಿನಲ್ಲಿ ಹಾಕಿ, ಕತ್ತಲಲ್ಲಿ 16 ತಾಸು ಇಟ್ಟು, ಮರುದಿನ 460 ನ್ಯಾನೋಮೀಟರಿನಲ್ಲಿ ಎಷ್ಟು ಬೆಳಕು ನುಂಗಿತು ಎಂದು ಓದುವುದು. ವ್ಯಾಪಾರಿಗಳ ಬಾಯಲ್ಲಿ ಓಡಾಡುವ ಆಸ್ಟಾ ಅಂಕಿ ಇಲ್ಲಿಂದ ಬರುತ್ತದೆ. ಈ ಕೆಲಸಕ್ಕೆ ಅಸಿಟೋನ್ ಅಪ್ಪಟ ಪ್ರಾಮಾಣಿಕ. ಅದೇ ಅಸಿಟೋನನ್ನು ನೇರಳಾತೀತ ಬೆಳಕಿನ ಯಂತ್ರಕ್ಕೆ ಹಾಕಿ ನೋಡಿ, 330 ನ್ಯಾನೋಮೀಟರಿಗಿಂತ ಕೆಳಗೆ ತಾನೇ ಬೆಳಕನ್ನೆಲ್ಲ ನುಂಗಿ ಗೋಡೆಯಂತೆ ನಿಲ್ಲುತ್ತದೆ. ಎಷ್ಟೇ ಶುದ್ಧಗೊಳಿಸಿದರೂ ಅಷ್ಟೇ, ಅದು ಅದರ ಹುಟ್ಟುಗುಣ. ಅಸಿಟೋನೈಟ್ರೈಲಾದರೆ 190ರವರೆಗೂ ದಾರಿ ಬಿಡುತ್ತದೆ. ಮೆಥನಾಲ್ 205ರವರೆಗೆ. ಬಡ ಲ್ಯಾಬುಗಳೂ ಸಾಲ ಮಾಡಿ ಅಸಿಟೋನೈಟ್ರೈಲ್ ತರಿಸುವುದು ಇದಕ್ಕೇ.

ಶುದ್ಧ ಅನ್ನುವ ಮಾತಿಗೆ ಯಾವುದಕ್ಕೆ ಶುದ್ಧ ಎಂಬ ಬಾಲ ಇಲ್ಲದಿದ್ದರೆ ನಮ್ಮಲ್ಲಿ ಅರ್ಥವಿಲ್ಲ. ಅಜ್ಜಿಯ ಮಡಿ ಸೀರೆ ದೇವರ ಮನೆಗೆ ಸರಿ, ಆಸ್ಪತ್ರೆಯ ಆಪರೇಷನ್ ಕೋಣೆಗೆ ಆಗದು. ಟೆಟ್ರಾಹೈಡ್ರೋಫ್ಯುರಾನ್ ಎಂಬ ದ್ರಾವಕವಿದೆ. ಅದು ಕೆಡದಿರಲೆಂದು ಸಾಮಾನ್ಯ ದರ್ಜೆಯಲ್ಲಿ ಒಂದಿಷ್ಟು ಸಂರಕ್ಷಕ ಸೇರಿಸಿರುತ್ತಾರೆ. ಆ ಸಂರಕ್ಷಕ ಯಂತ್ರದ ಕಣ್ಣಿಗೆ ಬೀಳುತ್ತದೆಂದು ಕ್ರೊಮ್ಯಾಟೋಗ್ರಫಿಯ ದರ್ಜೆಯಲ್ಲಿ ಬಿಟ್ಟಿರುತ್ತಾರೆ. ಪರಿಣಾಮ, ಹೆಚ್ಚು ಬೆಲೆ ಕೊಟ್ಟು ತಂದದ್ದೇ ಬೇಗ ಕೆಡುತ್ತದೆ. ಗಾಳಿ ತಾಗಿದ ಹಳೆಯ ಬಾಟಲಿಯಲ್ಲಿ ಪೆರಾಕ್ಸೈಡ್ ಕಟ್ಟಿಕೊಂಡು, ಇಂಗಿಸಲು ಹೋದರೆ ಸಿಡಿಯುವ ಅಪಾಯವೂ ಉಂಟು.

ದ್ರಾವಕಗಳಲ್ಲಿ ಅಗ್ಗದ್ದೂ ಅತಿ ಕಷ್ಟದ್ದೂ ನೀರು. ವಾರಕ್ಕೊಮ್ಮೆ ನಲ್ಲಿ ನೀರು ಬರುವುದಕ್ಕೆ ಹೆಸರಾದ ನಮ್ಮ ಊರಲ್ಲಿ ಇದು ನಗೆಯಾಡುವ ಸಂಗತಿಯಲ್ಲ. ಮಲಪ್ರಭೆಯಿಂದ ಬಂದ ನೀರು ಸಂಪಿಗೆ, ಸಂಪಿನಿಂದ ಸಿಂಟೆಕ್ಸಿಗೆ, ಅಲ್ಲಿಂದ ಶುದ್ಧೀಕರಣದ ಯಂತ್ರಕ್ಕೆ. ಯಂತ್ರದ ತುದಿಯಲ್ಲಿ 18.2 ಎಂಬ ಅಂಕಿ ಬೆಳಗಬೇಕು. ಅದು ನೀರು ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ. ಲವಣವೆಲ್ಲ ಹೋಗಿದೆ ಎಂಬುದಕ್ಕೆ ಅದು ಸಾಕ್ಷಿ. ಸಾವಯವ ಕಸ ಹೋಗಿದೆಯೇ ಎಂದು ಆ ಅಂಕಿ ಹೇಳುವುದಿಲ್ಲ. ಇದನ್ನು ನಾನು ಕಲಿತದ್ದು ಪೆಟ್ಟು ತಿಂದು.

ಬಹಳ ವರ್ಷದ ಹಿಂದೆ, ನಾನಿದ್ದ ಒಂದು ಲ್ಯಾಬಿನಲ್ಲಿ, ಸೋಮವಾರ ಹಾಕಿದ ಸ್ಯಾಂಪಲ್ಲುಗಳಲ್ಲೆಲ್ಲ ಒಂದೇ ಜಾಗದಲ್ಲಿ ಒಂದು ಪೀಕ್, ಅಂದರೆ ಯಂತ್ರ ಬರೆಯುವ ಗೆರೆಯಲ್ಲಿ ಒಂದು ಮೊನೆ, ಏಳತೊಡಗಿತು. ಚೂಪಾಗಿ, ಚಂದವಾಗಿ. ಪುಸ್ತಕದಲ್ಲಿ ಒಂದು ಕೀಟನಾಶಕ ಬರುವ ಸಮಯಕ್ಕೆ ಸರಿಯಾಗಿ. ನನಗೆ ಖುಷಿಯೋ ಖುಷಿ. ಹಿರಿಯರೊಬ್ಬರು ಬಂದು "ಬ್ಲ್ಯಾಂಕ್ ಹಾಕೀರೇನು?" ಅಂದರು. ಬ್ಲ್ಯಾಂಕ್ ಅಂದರೆ ಮೆಣಸಿನಕಾಯಿಯೇ ಇಲ್ಲದೆ ಉಳಿದೆಲ್ಲವನ್ನೂ ಹಾಗೆಯೇ ಮಾಡುವುದು. ಹಾಕಿದೆ. ಅಲ್ಲೂ ಅದೇ ಪೀಕ್. ಏನೂ ಚುಚ್ಚದೆ ಬರೀ ಯಂತ್ರ ಓಡಿಸಿದೆ, ಆಗಲೂ ಬಂತು. ಯಂತ್ರ ಓಡುತ್ತಿರಲಿ ಎಂದು ಬಿಟ್ಟು ಊಟಕ್ಕೆ ಹೋಗಿ ಬಂದೆ. ಪೀಕ್ ಮೊದಲಿಗಿಂತ ಎತ್ತರವಾಗಿತ್ತು.

ಹಿರಿಯರು ನಕ್ಕರು. ನೀರು ಹೆಚ್ಚಿರುವಾಗ ನೀರಿನೊಳಗಿನ ಕಸ ಕಾಲಮ್ಮಿನ, ಅಂದರೆ ಯಂತ್ರದೊಳಗಿನ ಪುಡಿ ತುಂಬಿದ ನಳಿಕೆಯ, ಬಾಯಲ್ಲೇ ಅಂಟಿ ಕೂರುತ್ತದೆ. ಅಸಿಟೋನೈಟ್ರೈಲಿನ ಪಾಲು ಏರಿಸುತ್ತ ಹೋದಂತೆ ಅಷ್ಟೂ ಒಮ್ಮೆಲೇ ಕಿತ್ತುಕೊಂಡು ಬರುತ್ತದೆ. ಬೇಸಿಗೆಯೆಲ್ಲ ಹಳ್ಳದ ಒಡ್ಡಿಗೆ ಸಿಕ್ಕಿಕೊಂಡ ಕಸ ಬೆಣ್ಣಿಹಳ್ಳಕ್ಕೆ ನೆರೆ ಬಂದ ದಿನ ಒಟ್ಟಿಗೇ ಕೊಚ್ಚಿ ಬರುವಂತೆ. ನಾನು ಊಟ ಮಾಡಿದಷ್ಟು ಹೊತ್ತೂ ಕಸ ಜಮೆಯಾಗಿತ್ತು, ಪೀಕ್ ಅಷ್ಟು ಎತ್ತರವಾಗಿತ್ತು. ಮೂಲ ಹುಡುಕಿದರೆ ಸಿಕ್ಕಿದ್ದು ಶುಕ್ರವಾರ ಸಂಜೆ ಪ್ಲಾಸ್ಟಿಕ್ ಕ್ಯಾನಿನಲ್ಲಿ ಹಿಡಿದಿಟ್ಟ ಶುದ್ಧ ನೀರು. ಹಿಡಿದಿಟ್ಟವನು ನಾನೇ. ಅತಿ ಶುದ್ಧ ನೀರು ಹಸಿದ ನೀರು. ಪಾತ್ರೆಯಿಂದ, ಗಾಳಿಯಿಂದ ಸಿಕ್ಕಿದ್ದನ್ನೆಲ್ಲ ಎಳೆದುಕೊಳ್ಳುತ್ತದೆ. ನೀರು ಕಂಡಾಗ ಹಿಡಿದಿಟ್ಟುಕೊಳ್ಳುವ ಹುಬ್ಬಳ್ಳಿಯ ಬುದ್ಧಿ ಲ್ಯಾಬಿನೊಳಗೆ ನಡೆಯುವುದಿಲ್ಲ.

ಇಂಥ ಬೇನಾಮಿ ಪೀಕುಗಳಿಗೆ ನಾವು ದೆವ್ವದ ಪೀಕು ಅನ್ನುತ್ತೇವೆ. ದೆವ್ವ ಬಿಡಿಸಲು ಮಂತ್ರಗಳೂ ಇವೆ. ಬಾಟಲಿಯಿಂದ ತೆಗೆದ ದ್ರಾವಕವನ್ನು ವಾಪಸು ಬಾಟಲಿಗೆ ಸುರಿಯಬಾರದು. ದ್ರಾವಕದ ಗಾಜನ್ನು ಪಾತ್ರೆ ತೊಳೆಯುವ ಸೋಪಿನಿಂದ ತಿಕ್ಕಬಾರದು. ಹಳೆಯ ದ್ರಾವಕದ ಮೇಲೆ ಹೊಸದನ್ನು ತುಂಬಬಾರದು. ಹೊಸಬರು ಇವನ್ನೆಲ್ಲ ಹಿರಿಯರ ಮಡಿ ಮೈಲಿಗೆ ಎಂದು ತಿಳಿದು ಒಂದು ಸಲವಾದರೂ ಮುರಿಯುತ್ತಾರೆ.

ಅಸಿಟೋನೈಟ್ರೈಲಿನ ಕತೆ ಇನ್ನೂ ಸ್ವಲ್ಪ ಇದೆ. ಅದನ್ನು ಅದಕ್ಕಾಗಿಯೇ ತಯಾರಿಸುವವರು ಕಡಿಮೆ. ಅಕ್ರಿಲಿಕ್ ನೂಲಿಗೆ, ಕಾರಿನೊಳಗಿನ ಪ್ಲಾಸ್ಟಿಕ್ಕಿಗೆ ಬೇಕಾಗುವ ಅಕ್ರಿಲೋನೈಟ್ರೈಲ್ ಮಾಡುವಾಗ ನೂರಕ್ಕೆ ಎರಡು ಮೂರು ಪಾಲಿನಷ್ಟು ಬೀಳುವ ಉಪಉತ್ಪನ್ನ ಅದು. ಮಜ್ಜಿಗೆ ಕಡೆದಾಗ ಮಜ್ಜಿಗೆಗಷ್ಟೇ ಗಿರಾಕಿ ಇದ್ದು, ಬೆಣ್ಣೆ ಬೇಕೆಂದವರು ಬಾಗಿಲಲ್ಲಿ ಕಾದಂತೆ. 2008ರಲ್ಲಿ ಒಲಿಂಪಿಕ್ಸಿಗಾಗಿ ಚೀನಾ ಕಾರ್ಖಾನೆಗಳಿಗೆ ಬೀಗ ಹಾಕಿತು. ಸೆಪ್ಟೆಂಬರಿನಲ್ಲಿ ಐಕ್ ಚಂಡಮಾರುತ ಅಮೆರಿಕದ ಟೆಕ್ಸಾಸ್ ತೀರಕ್ಕೆ ಬಡಿಯಿತು. ಮೇಲೆ ಆರ್ಥಿಕ ಕುಸಿತ ಬಂದು ಜನ ಕಾರು ಕೊಳ್ಳುವುದನ್ನು ನಿಲ್ಲಿಸಿದರು. ಲೋಕದ ಲ್ಯಾಬುಗಳೆಲ್ಲ ಅಸಿಟೋನೈಟ್ರೈಲಿಗಾಗಿ ಸಾಲು ನಿಂತವು. ನಿಮಿಷಕ್ಕೆ ಒಂದು ಮಿಲಿಯಂತೆ ಯಂತ್ರ ಎಂಟು ತಾಸು ಓಡಿದರೆ ಅರ್ಧ ಲೀಟರ್ ದ್ರವ ಕಸದ ಕ್ಯಾನು ಸೇರುತ್ತದೆ. ಅದು ಎಷ್ಟು ದೊಡ್ಡ ದುಂದು ಎಂದು ಆಗ ಎಲ್ಲರಿಗೂ ಕಣ್ಣಿಗೆ ಕಂಡಿತು. ಸಪೂರ ಕಾಲಮ್ಮುಗಳು, ಮೆಥನಾಲಿನ ವಿಧಾನಗಳು ನೆನಪಾದವು. ಡೆಟ್ರಾಯಿಟಿನಲ್ಲಿ ಕಾರು ಮಾರದಿದ್ದರೆ ಧಾರವಾಡದಲ್ಲಿ ಸಂಶೋಧನೆಯ ಹುಡುಗಿ ಗೈಡ್ ಎದುರು ಕೈ ಕಟ್ಟಿ ನಿಲ್ಲಬೇಕು, ಈ ದ್ರವದ ಜಾತಕವೇ ಹಾಗೆ.

ಇಷ್ಟೆಲ್ಲ ಒದ್ದಾಟ ಯಾಕೆ ಅನ್ನುವವರಿಗೆ 2003 ನೆನಪಿಸಬೇಕು. ಆ ವರ್ಷ ಫ್ರಾನ್ಸಿನಲ್ಲಿ, ಭಾರತದಿಂದ ಹೋದ ಮೆಣಸಿನಪುಡಿಯಿದ್ದ ಪದಾರ್ಥಗಳಲ್ಲಿ ಸುಡಾನ್-1 ಎಂಬ ಬಣ್ಣ ಸಿಕ್ಕಿತು. ಮೇಣಕ್ಕೆ, ಬೂಟ್ ಪಾಲಿಶಿಗೆ ಹಾಕುವ ಬಣ್ಣವದು. ಐರೋಪ್ಯ ಒಕ್ಕೂಟ ತಕ್ಷಣ ಪರೀಕ್ಷೆ ಕಡ್ಡಾಯ ಮಾಡಿತು. ಆದರೂ 2005ರ ಫೆಬ್ರವರಿಯಲ್ಲಿ ಬ್ರಿಟನ್ನಿನಲ್ಲಿ, ಅಂಥದೇ ಪುಡಿ ಸೇರಿದ್ದ ಒಂದು ಸಾಸಿನಿಂದ 400ಕ್ಕೂ ಹೆಚ್ಚು ತಿನಿಸುಗಳನ್ನು ಅಂಗಡಿಯಿಂದ ವಾಪಸು ತರಿಸಬೇಕಾಯಿತು. ಕಣ್ಣಿಗೆ ಎರಡೂ ಕೆಂಪೇ. ದ್ರಾವಕದಲ್ಲಿ ಇಳಿಸಿ ಕಾಲಮ್ಮಿನಲ್ಲಿ ಬಿಟ್ಟರೆ ಕ್ಯಾಪ್ಸಾಂಥಿನ್ ಒಂದು ಕಡೆ, ಸುಡಾನ್ ಒಂದು ಕಡೆ. ಎರಿ ಹೊಲದಲ್ಲಿ ಕೆಂಪನ್ನು ಬೆವರಿಳಿಸಿ ಬೆಳೆದವನ ಹೊಟ್ಟೆಯ ಮೇಲೆ ಡಬ್ಬಿಯ ಬಣ್ಣದವನು ಹೊಡೆದದ್ದು, ಅಲ್ಲಿ ಕಾಗದದ ಮೇಲೆ ಬರುತ್ತದೆ.

ಬ್ಯಾಡಗಿಯ ದೊಡ್ಡದೊಂದು ಪಾಲು ಇಡಿಯಾಗಿ ಅಡುಗೆಮನೆ ಸೇರುವುದಿಲ್ಲ, ಕಾರ್ಖಾನೆಯಲ್ಲಿ ದ್ರಾವಕದಲ್ಲಿ ಮಿಂದು ಓಲಿಯೋರೆಸಿನ್ ಆಗುತ್ತದೆ. ಬಣ್ಣದ ಗಟ್ಟಿ ರಸ ಅದು. ಅಲ್ಲಿ ಪ್ರಶ್ನೆ ತಿರುಗಿ ನಿಲ್ಲುತ್ತದೆ: ಈಗ ಉಳಿದಿರಬಾರದ್ದು ದ್ರಾವಕವೇ. ಅಮೆರಿಕದ ಕಾನೂನಿನಲ್ಲಿ ಮಸಾಲೆಯ ಓಲಿಯೋರೆಸಿನ್ನಿನೊಳಗೆ ಹೆಕ್ಸೇನ್ ಹತ್ತು ಲಕ್ಷಕ್ಕೆ 25 ಭಾಗ, ಅಸಿಟೋನ್ 30 ಭಾಗ ದಾಟುವಂತಿಲ್ಲ. ದ್ರಾವಕ ಉಳಿದಿದೆಯೇ ಎಂದು ಹುಡುಕಲು ಮತ್ತೆ ಇನ್ನೊಂದು ಕ್ರೊಮ್ಯಾಟೋಗ್ರಾಫ್ ಬೇಕು.

ಮಾವನ ಕಾಯಿಯ ಕತೆಗೆ ಬರೋಣ. ನಾನು ಮಾಡಿದ್ದು ಕೈ ಪಳಗಿಸಲು. ರೈತರಿಗೆ ಮುದ್ರೆಯೊತ್ತಿದ ವರದಿ ಬೇಕಾದರೆ ಮಾನ್ಯತೆ ಪಡೆದ ಲ್ಯಾಬಿಗೇ ಹೋಗಬೇಕು. ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಕೀಟನಾಶಕ ಶೇಷ ನೋಡುವ ಪ್ರಯೋಗಾಲಯವಿದೆ. ರಫ್ತಿನ ಮಾಲಿಗೆ ಸಾಂಬಾರ ಮಂಡಳಿಯ ಲ್ಯಾಬುಗಳಿವೆ. ಆದರೂ ಹಾಳೆ ಹಿಡಿದು ಸುಳ್ಳಕ್ಕೆ ಹೋದೆ. ಹುಡುಕಿದ ಹೆಸರುಗಳ ಎದುರಿಗೆಲ್ಲ ಎನ್‌ಡಿ, ಒಂದರ ಎದುರು ಮಾತ್ರ ಒಂದು ಸಣ್ಣ ಅಂಕಿ.

"ಎನ್‌ಡಿ ಅಂದ್ರ ಇಲ್ಲ ಅಂತನೋ?"

"ಇಲ್ಲ ಅಂತಲ್ಲ ಮಾವಾ, ಕಾಣಲಿಲ್ಲ ಅಂತ. ಬ್ಲ್ಯಾಂಕಿನ್ಯಾಗ ಎಷ್ಟು ಗದ್ದಲ ಇರತದೋ, ಅದರಕಿಂತ ಜೋರ ಮಾತಾಡಿದ್ರ ಅಷ್ಟ ನಮಗ ಕೇಳಸತದ."

ಮಾವ ಹಾಳೆಯನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದರು. "ಆ ಒಂದಕ್ಕ ಅಂಕಿ ಬಂದೈತೆಲ್ಲ, ಅದನ್ನ ನಾ ಕೊಯ್ಲಿಗೆ ಎಂಟ ದಿನ ಇದ್ದಾಗ ಹೊಡದಿದ್ದೆ," ಎಂದು ತಾವೇ ಹೇಳಿ ಹಾಳೆಯನ್ನು ಮಡಚಿ ಕಿಸೆಗೆ ಹಾಕಿಕೊಂಡರು.

ಅತ್ತಿ ಚಹಾ ತಂದರು. ಅವರ ಕಣ್ಣು ಕಾರಿನ ಹಿಂದಿನ ಸೀಟಿನಲ್ಲಿದ್ದ ಎರಡು ಖಾಲಿ ಬಾಟಲಿಗಳ ಮೇಲಿತ್ತು. ದಪ್ಪ ಕಂದು ಗಾಜು, ಬಿಗಿ ಮುಚ್ಚಳ. ನಾಶ ಮಾಡಲು ಒಯ್ಯುತ್ತಿದ್ದೆ. "ಒಂದ ಕೊಡೋ, ಕುಸುಬಿ ಎಣ್ಣಿ ಹಾಕಿ ಇಡತೇನಿ," ಅಂದರು. ಒಂದರಲ್ಲಿ ಇದ್ದದ್ದು ಮೆಥನಾಲ್. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ಅದು ಬೆರೆತ ಸಾರಾಯಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತಿದ್ದರು. ಲೇಬಲ್ಲಿನ ಮೇಲೆ 99.9 ಇದ್ದರೆ ವಿಷ ಕಡಿಮೆಯಾಗುವುದಿಲ್ಲ, ಅದು ಅಷ್ಟು ಶುದ್ಧ ವಿಷ. ಆಗೂದಿಲ್ಲ ಅತ್ತಿ ಅಂದೆ.

"ಬಿಸಿನೀರಾಗ ತೊಳದು, ಬಿಸಲಿಗಿಟ್ಟು, ಇಂಗಿನ ಹೊಗಿ ಕೊಡತೇನಿ. ಉಪ್ಪಿನಕಾಯಿ ಭರಣಿಗೆ ಹಂಗ ಮಾಡೂದು. ಎರಡ ವರ್ಷ ಬೂಸ್ಟ ಹಿಡಿಯೂದಿಲ್ಲ."

ಇಂಗಿನ ಹೊಗೆ ಕುಡಿದ ಒಂದು ಬಾಟಲಿ ನಮ್ಮ ಲ್ಯಾಬು ಹೊಕ್ಕರೆ ಕಾಲಮ್ ಯುಗಾದಿಯಿಂದ ಪಂಚಮಿಯವರೆಗೂ ಅದನ್ನೇ ಹಾಡುತ್ತದೆ ಎಂದು ಹೇಳಬೇಕೆನ್ನಿಸಿತು, ಹೇಳಲಿಲ್ಲ. ಬಾಟಲಿಗಳ ಲೇಬಲ್ಲಿನ ಮೇಲೆ ಕರಿ ಪೆನ್ನಿನಿಂದ ಅಡ್ಡಗೆರೆ ಎಳೆದು, ಡಿಕ್ಕಿಗೆ ಹಾಕಿ ಬೀಗ ತಿರುಗಿಸಿದೆ. ಅತ್ತಿ ಸೆರಗಿನ ತುದಿಯಿಂದ ತಮ್ಮ ಹಳೇ ಭರಣಿಯ ಬಾಯಿ ಒರೆಸುತ್ತ, "ಇಷ್ಟ ಛಲೋ ಬಾಟ್ಲಿ," ಎಂದು ಗೊಣಗುತ್ತಲೇ ಇದ್ದರು.